ಮಕ್ಕಳ ಕತೆಗಳೆಲ್ಲ ಅಮೆರಿಕದಲ್ಲೇ ಯಾಕೆ ನಡೆಯುತ್ತವೆ? ಕಲ್ಪನೆಯ ಕತೆ ಬರೆಸುವವರು ಸ್ವಲ್ಪ ಹೇಳಿ

ಕಾನಂಚು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕತೆ ಬರೆಸುತ್ತೇನೆ. ಪಂಚಾಯ್ತಿ ಲೈಬ್ರರಿಯ ಜಗಲಿಯೇ ನಮ್ಮ ಕ್ಲಾಸು. 14 ಮಕ್ಕಳು ಬರುತ್ತಾರೆ, ಏಳನೇ ಕ್ಲಾಸಿನಿಂದ ಫಸ್ಟ್ ಪಿಯುಸಿವರೆಗಿನವರು. ಈ ಮಳೆಗಾಲಕ್ಕೆ ಸೈನ್ಸ್ ಫಿಕ್ಷನ್, ಫ್ಯಾಂಟಸಿ, ಒಟ್ಟಿನಲ್ಲಿ 'ಹೀಗಾದರೆ ಏನಾಗುತ್ತೆ' ಅನ್ನುವ ಥರದ ಕತೆ ಬರೆಸೋಣ ಅಂತ ಶುರು ಮಾಡಿದೆ.

ಇವತ್ತು 14 ಕತೆ ಕೈಗೆ ಬಂತು. ಅದರಲ್ಲಿ 11 ಅಮೆರಿಕದಲ್ಲೋ ಹೆಸರಿಲ್ಲದ ಯಾವುದೋ ಸಿಟಿಯಲ್ಲೋ ನಡೆಯುತ್ತವೆ. ವಿಜ್ಞಾನಿಯ ಹೆಸರು ಜಾನ್. ರೋಬೋಟಿಗೆ ಕೆಂಪು ಕಣ್ಣು. 9 ಕತೆ 'ಅಷ್ಟರಲ್ಲಿ ಅಮ್ಮ ಎಬ್ಬಿಸಿದಳು, ಅದೆಲ್ಲ ಕನಸಾಗಿತ್ತು' ಅಂತ ಮುಗಿಯುತ್ತವೆ.

ನನಗೆ ಬೇಜಾರಾದದ್ದು ಇದಕ್ಕಲ್ಲ. ಇದೇ ಮಕ್ಕಳು ಬಾಯಲ್ಲಿ ಕತೆ ಹೇಳಿದರೆ ಮೈ ಜುಮ್ಮೆನ್ನುತ್ತದೆ. ಹೋದ ವಾರ ಕರೆಂಟು ಹೋಗಿತ್ತು, ಒಬ್ಬ ಹುಡುಗ ಗದ್ದೆ ಬದುವಿನ ಕೊಳ್ಳಿದೆವ್ವದ ಕತೆ ಹೇಳಿದ. ಅದು ಎಷ್ಟು ದೂರದಲ್ಲಿ ಕಂಡಿತು, ತಾನು ಎಲ್ಲಿ ನಿಂತಿದ್ದೆ, ಅಪ್ಪನ ಕೈಲಿದ್ದ ಬ್ಯಾಟರಿಯ ಸೆಲ್ ಆಗ ಹೇಗೆ ಹೋಗುತ್ತಾ ಬಂದಿತ್ತು, ಎಲ್ಲ ಹೇಳಿದ. ಯಾರೂ ಉಸಿರೆತ್ತಲಿಲ್ಲ. ಪೆನ್ನು ಕೊಟ್ಟ ಕೂಡಲೇ ಅದೇ ಹುಡುಗ ನ್ಯೂಯಾರ್ಕಿಗೆ ಹೋಗಿಬಿಟ್ಟ.

ಬಾಯಲ್ಲಿರುವ ಕತೆಯನ್ನು ಕಾಗದಕ್ಕೆ ಇಳಿಸುವುದು ಹೇಗೆ? ಮಕ್ಕಳಿಗೆ ಬರೆಸಿ ಅನುಭವ ಇರುವವರು ದಯವಿಟ್ಟು ಹೇಳಿ.

ಗೋಪಿಸರ್ಕಲ್

ಮಕ್ಕಳು ಸಿನಿಮಾದಲ್ಲಿ ನೋಡುವುದು ಅದನ್ನೇ ಅಲ್ವಾ? ಏಲಿಯನ್ ಇಳಿಯುವುದು ಯಾವಾಗಲೂ ಅಮೆರಿಕದಲ್ಲಿ. ಆನಂದಪುರದಲ್ಲಿ ಇಳಿದದ್ದನ್ನು ಅವರು ಎಲ್ಲೂ ನೋಡಿಲ್ಲ, ಓದಿಲ್ಲ.

ಚಾಕ್‌ಪೀಸು

ಮೇಡಂ, ನಾನು ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವನು. ಮಕ್ಕಳ ತಪ್ಪು ಇದರಲ್ಲಿ ಕಡಿಮೆ. ಪ್ರಬಂಧಕ್ಕೆ ಮಾರ್ಕ್ಸ್ ಕೊಡುವಾಗ ನಾವೇ ಅವರಿಗೆ ಒಂದು ಅಭ್ಯಾಸ ಮಾಡಿಸಿದ್ದೇವೆ: ಬೇರೆಯವರು ಬರೆದಂತೆ ಬರೆದರೆ ತಪ್ಪಾಗುವುದಿಲ್ಲ.

ನಾನು ಬಹಳ ವರ್ಷ ಪರದಾಡಿ ಕೊನೆಗೆ ಒಂದು ಕಟ್ಟುಪಾಡು ಇಟ್ಟುಕೊಂಡೆ. ಕತೆಯಲ್ಲಿ ಒಂದೇ ಒಂದು ಸುಳ್ಳಿಗೆ ಜಾಗ. ಉಳಿದದ್ದೆಲ್ಲ ನಿಮ್ಮ ಮನೆ ಅಂಗಳದಷ್ಟೇ ನಿಜ ಇರಬೇಕು. ಆ ಸುಳ್ಳನ್ನೂ ಹೇಳಿ ಬಿಟ್ಟುಬಿಡುವ ಹಾಗಿಲ್ಲ. ಅದು ಅಡುಗೆಮನೆಗೆ ಬಂದರೆ ಏನಾಗುತ್ತದೆ, ಕೊಟ್ಟಿಗೆಗೆ ಬಂದರೆ ಏನಾಗುತ್ತದೆ, ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಕೇಳುತ್ತಾ ಹೋಗಬೇಕು.

ಒಂದು ಸಲ ಬೋರ್ಡಿನ ಮೇಲೆ ಬರೆದೆ: 'ರಾತ್ರಿ ಹೊತ್ತು ಅಡಿಕೆ ಮರ ತಾನೇ ಬಗ್ಗಿ ಕೊನೆಯನ್ನು ನೆಲಕ್ಕೆ ಇಡುತ್ತದೆ. ಮುಂದೆ?' (ಕೊನೆ ಅಂದರೆ ಅಡಿಕೆ ಗೊನೆ.) ಮಕ್ಕಳಿಗೆ ಖುಷಿಯೋ ಖುಷಿ. ಮರ ಹತ್ತುವುದು ಬೇಡ, ಯಾರೂ ಬೀಳುವುದಿಲ್ಲ, ಕೂಲಿ ಉಳಿಯುತ್ತದೆ. ಕೊನೆಯ ಬೆಂಚಿನಲ್ಲಿ ಒಬ್ಬ ಮಾತ್ರ ಸುಮ್ನೆ ಕೂತಿದ್ದ. ಅವನ ಅಪ್ಪ ಕೊನೆಗಾರ, ಮರ ಹತ್ತಿ ಕೊನೆ ಕೊಯ್ಯುವವನು. ಸ್ವಲ್ಪ ಹೊತ್ತು ಬಿಟ್ಟು ಎದ್ದು ನಿಂತು ಕೇಳಿದ, 'ಹಾಗಾದರೆ ಅಪ್ಪ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಸಾರ್?'

ಅವನು ಅವತ್ತು ನಾಲ್ಕು ಪುಟ ಬರೆದ. ಅದುವರೆಗೆ ಅರ್ಧ ಪುಟ ದಾಟಿದವನಲ್ಲ. ಕತೆಯಲ್ಲಿ ಅಪ್ಪ ಕತ್ತಲಾದ ಮೇಲೆ ತೋಟಕ್ಕೆ ಹೋಗುತ್ತಾನೆ, ಒಂದೊಂದು ಮರಕ್ಕೂ ಕೈಯಿಟ್ಟು, ಇವತ್ತು ಬಗ್ಗಬೇಡ ಅನ್ನುತ್ತಾನೆ. ಆ ನೋಟ್‌ಬುಕ್ಕು ಇವತ್ತಿಗೂ ನನ್ನ ಹತ್ತಿರ ಇದೆ.

ಅಡಿಕೆಚಪ್ಪರ

ಮೇಷ್ಟ್ರೇ, ಆ ಹುಡುಗ ಬರೆದದ್ದು ಅರ್ಧ ನಿಜ ಆಗಿಬಿಟ್ಟಿದೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ. ಕೊನೆ ಕೊಯ್ಯುವುದು, ಬೋರ್ಡೋ ಔಷಧಿ ಹೊಡೆಯುವುದು ಎಲ್ಲ ನೆಲದ ಮೇಲೆ ನಿಂತೇ. ಆದರೆ ಆಗಿದ್ದು ಉಲ್ಟಾ. ಮರ ಹತ್ತುವವರೇ ಕಡಿಮೆಯಾದರು, ಆಮೇಲೆ ದೋಟಿ ಬಂತು. ಕೊನೆಗಾರರ ಮಕ್ಕಳು ಮರ ಹತ್ತಲು ಒಪ್ಪಲಿಲ್ಲ, ಅದು ಸರಿಯೂ ಹೌದು. ನಮ್ಮೂರಲ್ಲಿ ಮಳೆಯಲ್ಲಿ ಜಾರಿ ಬಿದ್ದು ಸೊಂಟ ಹೋದವರು ಇದ್ದಾರೆ.

ಇದನ್ನೂ ಮಕ್ಕಳಿಗೆ ಹೇಳಿ. ಯಂತ್ರ ಬಂದು ಕೆಲಸ ಹೋಯ್ತು ಅನ್ನುವುದು ಒಂದು ಕತೆ. ಕೆಲಸ ಬಿಟ್ಟರು, ಅದಕ್ಕೆ ಯಂತ್ರ ಬಂತು ಅನ್ನುವುದು ಇನ್ನೊಂದು. ಎರಡನೆಯದನ್ನು ಯಾರೂ ಬರೆಯುವುದಿಲ್ಲ.

ಬೆಂಗಳೂರಲ್ಲಿ_ಮಲೆನಾಡಿಗ

ನನಗೆ ಈ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಮಲೆನಾಡಿನ ಮಕ್ಕಳು ಅಡಿಕೆ, ಮಳೆ, ಜಿಗಣೆ ಬಗ್ಗೆ ಮಾತ್ರ ಬರೆಯಬೇಕು ಅಂತ ಯಾರು ಹೇಳಿದ್ದು? ನಾನು ಎಂಟನೇ ಕ್ಲಾಸಿನಲ್ಲಿ ಚಂದ್ರನ ಮೇಲೆ ಬಾವಿ ತೋಡುವ ಕತೆ ಬರೆದಿದ್ದೆ. ನಮ್ಮ ಮೇಷ್ಟ್ರು ಅದರ ಮೇಲೆ ಕೆಂಪು ಇಂಕಿನಲ್ಲಿ ಅಡ್ಡ ಗೀಟು ಎಳೆದು 'ನಿನಗೆ ಗೊತ್ತಿರುವುದನ್ನು ಬರೆ' ಅಂತ ಬರೆದರು. ಮುಂದೆ ಎಷ್ಟೋ ವರ್ಷ ನಾನು ಏನೂ ಬರೆಯಲಿಲ್ಲ. ಜಾನ್ ಅಂತ ಹೆಸರಿಟ್ಟ ಮಗುವಿಗೂ ಎಲ್ಲಿಗೋ ಹೋಗಬೇಕು ಅಂತ ಆಸೆ ಇದೆ. ಆ ಆಸೆಯನ್ನು ತಪ್ಪು ಅನ್ನಬೇಡಿ.

ಕಾನಂಚು

ಓದಿ ಒಂದು ನಿಮಿಷ ಸುಮ್ಮನಾದೆ. ಆ ಗೀಟು ನಾನೂ ಎಳೆದುಬಿಡುತ್ತಿದ್ದೆನೇನೋ. ಹೇಳಿದ್ದು ಒಳ್ಳೆಯದಾಯಿತು.

ಹೋಗಲಿ, ಮಂಗಳ ಗ್ರಹಕ್ಕೇ ಹೋಗಲಿ. ನಾನು ಕೇಳುವುದು ಹೋಗುವವರು ಯಾರು ಅಂತ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಎತ್ತಿಕೊಂಡು ಹೋಗುವ ಹುಡುಗಿ ಆದರೆ ನನಗೆ ಮಂಗಳವೂ ಕಾಣುತ್ತದೆ, ಹುಡುಗಿಯೂ ಕಾಣುತ್ತಾಳೆ. ಜಾನ್ ಹೋದರೆ ಎರಡೂ ಕಾಣುವುದಿಲ್ಲ, ಯಾಕೆಂದರೆ ಜಾನ್ ಮನೆಯಲ್ಲಿ ಬೆಳಿಗ್ಗೆ ಏನು ತಿಂಡಿ ಅಂತ ಬರೆಯುವ ಮಗುವಿಗೇ ಗೊತ್ತಿಲ್ಲ.

ತುಂಗೆಯ_ದಡ

ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಉಪ್ಪಿನಕಾಯಿ ಭರಣಿಗೆ ಎರಡು ವಿಷಯ ಸೇರಿಸುತ್ತೇನೆ. ಮಂಗಳದಲ್ಲಿ ಅದರ ತೂಕ ಇಲ್ಲಿಯದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಲ್ಲಿಯ ಒಂದು ಹಗಲು ರಾತ್ರಿ ಸೇರಿ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ಉದ್ದ. ನಾನು ಒಂದು ಶಿಬಿರದಲ್ಲಿ ಮಕ್ಕಳಿಗೆ ಕೊಟ್ಟದ್ದು ಈ 40 ನಿಮಿಷ ಮಾತ್ರ. 'ನಿಮ್ಮ ಮನೆಯಲ್ಲಿ ನಾಳೆಯಿಂದ ದಿನಕ್ಕೆ 40 ನಿಮಿಷ ಜಾಸ್ತಿ. ಯಾರು ಅದನ್ನು ಏನು ಮಾಡುತ್ತಾರೆ?' ಒಬ್ಬ ಹುಡುಗಿ ಬರೆದಳು: ಎಲ್ಲರೂ ಮಲಗಿದರು, ಅಮ್ಮನಿಗೆ ಮಾತ್ರ ಇನ್ನೊಂದು ಸಲ ಪಾತ್ರೆ ತೊಳೆಯುವ ಕೆಲಸ ಬಂತು.

ಇನ್ನೊಂದು ಹೇಳಲೇಬೇಕು. ಆರಿದ್ರ ಮಳೆ ಎಲ್ಲರಿಗೂ ಗೊತ್ತು. ಆದರೆ ಆರಿದ್ರ ಅಂದರೆ ಆಕಾಶದಲ್ಲಿರುವ ನಕ್ಷತ್ರ ಅಂತ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್ ಅನ್ನುತ್ತಾರಲ್ಲ, ಅದೇ. ಚಳಿಗಾಲದ ಸಂಜೆ ಕೆಂಪಗೆ ಕಾಣುತ್ತದೆ. ಆರಿದ್ರ ಮಳೆ ಬರುವ ಜೂನ್ ಕೊನೆಯಲ್ಲಿ ಮಾತ್ರ ಕಾಣುವುದಿಲ್ಲ, ಆಗ ಸೂರ್ಯ ಅದೇ ದಿಕ್ಕಿನಲ್ಲಿ ಇರುತ್ತಾನೆ. ಅದರ ಬೆಳಕು ನಮ್ಮನ್ನು ತಲುಪಲು ನೂರಾರು ವರ್ಷ ಬೇಕು. ಅದಕ್ಕೆ ವಯಸ್ಸಾಗಿದೆ, ಒಂದು ದಿನ ಸಿಡಿಯುತ್ತದೆ. ಈಗಾಗಲೇ ಸಿಡಿದಿದ್ದರೂ ಆ ಸುದ್ದಿ ನಮಗೆ ಇನ್ನೂ ಬಂದಿರುವುದಿಲ್ಲ.

ಇಷ್ಟು ಹೇಳಿ ಮುಗಿಸಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ, 'ಸಾರ್, ನಕ್ಷತ್ರವೇ ಇಲ್ಲ ಅಂದ್ರೆ ಆರಿದ್ರ ಮಳೆ ಯಾರದ್ದು?' ಅಂಥ ಪ್ರಶ್ನೆ ಬಂದ ಮೇಲೆ ನಾನು ಸೀಮೆಸುಣ್ಣ ಕೆಳಗಿಟ್ಟೆ.

ಅಡಿಕೆಚಪ್ಪರ

ಆರಿದ್ರ ಹೊಯ್ದರೆ ದರಿದ್ರ ಇಲ್ಲ ಅಂತ ನಮ್ಮಜ್ಜ ಹೇಳುತ್ತಿದ್ದರು. ನಕ್ಷತ್ರ ಸಿಡಿದರೂ ಮಳೆ ಬರುತ್ತದೆ ಸಾರ್, ಮಳೆ ತರುವುದು ಗಾಳಿ. ಆದರೆ ಆ ಪ್ರಶ್ನೆ ಚೆನ್ನಾಗಿದೆ. ಪಂಚಾಂಗದವರು ಆ ಮಳೆಗೆ ಹೊಸ ಹೆಸರು ಹುಡುಕಬೇಕಾಗುತ್ತದೆ, ಅಲ್ಲಿಂದಲೇ ಕತೆ ಶುರು ಮಾಡಬಹುದು.

ಗೋಪಿಸರ್ಕಲ್

ಹಾಗಾದರೆ ಕೊಳ್ಳಿದೆವ್ವಕ್ಕೂ ವಿಜ್ಞಾನ ಇರಬೇಕಲ್ಲ ಸಾರ್?

ತುಂಗೆಯ_ದಡ

ಕೊಳ್ಳಿದೆವ್ವದ ಬಗ್ಗೆ ನಾನು ಖಚಿತವಾಗಿ ಹೇಳಲಾರೆ, ಒಬ್ಬೊಬ್ಬರು ಕಂಡದ್ದು ಒಂದೊಂದು ಥರ. ಆದರೆ ಮಳೆಗಾಲದಲ್ಲಿ ನಮ್ಮ ಘಟ್ಟದ ಕಾಡಿನಲ್ಲಿ ಕೊಳೆತ ಮರದ ಮೇಲೆ ಹಸಿರಾಗಿ ಹೊಳೆಯುವ ಅಣಬೆಗಳು ನಿಜವಾಗಿಯೂ ಇವೆ. ಬ್ಯಾಟರಿ ಆರಿಸಿ ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಬೇಕು. ಮಕ್ಕಳನ್ನು ಕರೆದುಕೊಂಡು ಹೋದರೆ ದೊಡ್ಡವರು ಜೊತೆಗಿರಲಿ, ಹಾವು ಇರುತ್ತದೆ.

ಸೊರಬದವ

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಒಂದು ವಿಷಯಕ್ಕೆ ಹುಷಾರಾಗಿರಿ. ನಮ್ಮ ಕಡೆ ಒಂದು ಸ್ಪರ್ಧೆಯಲ್ಲಿ ಒಂದು ಮಗು ಮಂಗನ ಕಾಯಿಲೆ ಬಗ್ಗೆ ಕತೆ ಬರೆದಿತ್ತು. ಮಂಗಗಳು ಮನುಷ್ಯರ ಮೇಲೆ ಸೇಡು ತೀರಿಸಲು ಕಾಯಿಲೆ ತರುತ್ತವೆ, ಊರವರು ಮಂಗಗಳನ್ನೆಲ್ಲ ಓಡಿಸುತ್ತಾರೆ, ಕಾಯಿಲೆ ಹೋಗುತ್ತದೆ. ಬಹುಮಾನವೂ ಬಂತು. ನನಗೆ ತಡೆಯಲಾಗಲಿಲ್ಲ.

ಆ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಪ್ರಪಂಚದ ಪುಸ್ತಕಗಳಲ್ಲೆಲ್ಲ ನಮ್ಮ ಕಾಡಿನ ಹೆಸರೇ ಆ ಕಾಯಿಲೆಗೆ. ಹರಡುವುದು ಉಣುಗು, ರಕ್ತ ಹೀರುವ ಸಣ್ಣ ಹುಳ. ಮಂಗಗಳೂ ಅದರಿಂದಲೇ ಸಾಯುತ್ತವೆ, ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದು ನಮಗೆ ಮೊದಲ ಎಚ್ಚರಿಕೆ. ನಮ್ಮ ಮನೆಯಲ್ಲಿ ಚಿಕ್ಕಪ್ಪ ಹೋದದ್ದು ಇದೇ ಜ್ವರದಲ್ಲಿ, ಸೊಪ್ಪಿಗೆ ಹೋಗಿ ಬಂದ ವಾರದಲ್ಲಿ ಮಲಗಿದವರು ಏಳಲಿಲ್ಲ. ಇವತ್ತಿಗೂ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗುತ್ತೇವೆ. ಕಲ್ಪನೆ ಇರಲಿ. ಆದರೆ ಆ ಕತೆ ಓದಿದ ಯಾರೋ ಮಂಗಕ್ಕೆ ಕಲ್ಲು ಹೊಡೆಯುವುದು ಬೇಡ.

ಚಾಕ್‌ಪೀಸು

ನಿಮ್ಮ ಚಿಕ್ಕಪ್ಪನವರ ವಿಷಯ ಕೇಳಿ ಬಹಳ ನೋವಾಯಿತು. ನಾನು ಹೇಳಿದ ಕಟ್ಟುಪಾಡು ಇದಕ್ಕೂ ಸಲ್ಲುತ್ತದೆ. ಮಂಗ ಮಾತಾಡುವುದು ಆ ಒಂದು ಸುಳ್ಳು ಆಗಿರಲಿ. ಉಣುಗು ಕಚ್ಚಿದರೆ ಏನಾಗುತ್ತದೆ ಅನ್ನುವುದು ನಿಜವೇ ಇರಬೇಕು. ಮಾತು ಬರುವ ಮಂಗ ಊರಿಗೆ ಓಡಿ ಬಂದು 'ಇವತ್ತು ಆ ಕಡೆ ಹೋಗಬೇಡಿ, ನನ್ನ ಮರಿ ಸತ್ತಿದೆ' ಅಂದರೆ, ಊರವರು ನಂಬುತ್ತಾರಾ?

ಸೊರಬದವ

ಹೀಗೆ ಬರೆದರೆ ನಾನೇ ಮೊದಲು ಓದುತ್ತೇನೆ ಮೇಷ್ಟ್ರೇ.

ಹತ್ತನೇಬೆಂಚು

ನಾನು ಸೆಕೆಂಡ್ ಪಿಯುಸಿ. ಇಲ್ಲಿ ಎಲ್ಲರೂ ದೊಡ್ಡವರೇ ಇದ್ದೀರಿ, ಅದಕ್ಕೆ ಇಷ್ಟು ಹೊತ್ತು ಸುಮ್ಮನಿದ್ದೆ. ನಾವು ಯಾಕೆ ಕನಸು ಅಂತ ಮುಗಿಸುತ್ತೇವೆ ಗೊತ್ತಾ? ಹೆದರಿಕೆಗೆ. ಕತೆ ಓದಿದವರು 'ಇದೆಲ್ಲ ಹೇಗೆ ಸಾಧ್ಯ' ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಕನಸು ಅಂದುಬಿಟ್ಟರೆ ಯಾರೂ ಕೇಳುವುದಿಲ್ಲ. ಅಮೆರಿಕವೂ ಅದಕ್ಕೇ. ನಮ್ಮೂರು ಅಂತ ಬರೆದರೆ 'ನಮ್ಮೂರಲ್ಲಿ ಹೀಗೆಲ್ಲಿ ಆಗುತ್ತೆ' ಅನ್ನುತ್ತಾರೆ. ಅಮೆರಿಕ ಅಂದರೆ ಆಗಬಹುದು ಅಂದುಕೊಳ್ಳುತ್ತಾರೆ.

ಹೈಸ್ಕೂಲಿನಲ್ಲಿ ನಾನು ನಮ್ಮ ಕೆರೆ ಎದ್ದು ನಡೆದುಕೊಂಡು ಹೋಗುವ ಕತೆ ಬರೆದಿದ್ದೆ. ಕ್ಲಾಸಿನ ಮುಂದೆ ಓದಿಸಿ, ಕೆರೆಗೆ ಕಾಲಿದೆಯಾ ಅಂತ ಕೇಳಿದರು. ಎಲ್ಲರೂ ನಕ್ಕರು. ಅದಾದ ಮೇಲೆ ನಾನು ಎರಡು ಕತೆ ಬರೆದೆ, ಎರಡರಲ್ಲೂ ಕೊನೆಗೆ ಎಚ್ಚರ ಆಗುತ್ತದೆ.

ಕಾನಂಚು

ಏಳು ತಿಂಗಳಿಂದ ಕ್ಲಾಸು ಮಾಡುತ್ತಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ನಾನು ಅದನ್ನು ಸೋಮಾರಿತನ ಅಂದುಕೊಂಡಿದ್ದೆ.

ಕೆರೆ ಎಲ್ಲಿಗೆ ನಡೆದು ಹೋಯ್ತು ಅಂತ ತಿಳಿಯಬೇಕು ನನಗೆ.

ಹತ್ತನೇಬೆಂಚು

ಹೂಳು ತೆಗೆಯದೆ ಬೇಜಾರಾಗಿ, ಹೂಳು ತೆಗೆಯುವ ಊರು ಹುಡುಕಿಕೊಂಡು ಹೋಗುತ್ತದೆ. ಮೀನುಗಳನ್ನೂ ಕರೆದುಕೊಂಡು. ರಾತ್ರಿ ಮಾತ್ರ ನಡೆಯುತ್ತದೆ, ಯಾಕೆಂದರೆ ಹಗಲು ಬಿಸಿಲಿಗೆ ಕಡಿಮೆಯಾಗಿಬಿಡುತ್ತದೆ.

ತುಂಗೆಯ_ದಡ

ಹಗಲು ನಡೆದರೆ ಆವಿಯಾಗುತ್ತದೆ ಅಂತ ಯೋಚಿಸಿದೆಯಲ್ಲ, ಅಲ್ಲಿಗೆ ಕಾಲಿದೆಯಾ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೇ. ಕನಸು ತೆಗೆದು ಹಾಕಿ ಮತ್ತೆ ಬರೆ.

ಗುಡ್ಡದಮನೆ

ಹೊಸನಗರ ಕಡೆಯವಳು. ನನ್ನದೊಂದು ತಕರಾರು. ಈಗ ಯುವಕರೆಲ್ಲ ಚೌಡಿ, ಭೂತಪ್ಪ, ನಾಗಬನ ಅಂತ ಹಿಡಿದುಕೊಂಡು ಹಾರರ್ ಕತೆ ಮಾಡುತ್ತಿದ್ದಾರೆ. ಚೌಡಿ ಅಂದರೆ ರಕ್ತ ಕುಡಿಯುವ ದೆವ್ವ ಅನ್ನುವಂತೆ ಬರೆಯುತ್ತಾರೆ. ನಮ್ಮ ತೋಟದ ತಲೆಯಲ್ಲಿ ಚೌಡಿ ಕಲ್ಲಿದೆ. ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸುತ್ತೇವೆ. ಅವಳು ನಮ್ಮನ್ನು ಕಾಯುವವಳು. ನಿಮಗೆ ಅದು ಫ್ಯಾಂಟಸಿ, ನಮ್ಮತ್ತೆಗೆ ಅಲ್ಲ. ಮಕ್ಕಳಿಗೆ ಬರೆಸುವಾಗ ಇದನ್ನು ಹೇಗೆ ಹೇಳಿಕೊಡುತ್ತೀರಿ?

ಬೆಂಗಳೂರಲ್ಲಿ_ಮಲೆನಾಡಿಗ

ಅಕ್ಕ, ಹಾಗಂತ ದೇವರು ದಿಂಡರ ಕಡೆ ತಲೆಯೇ ಹಾಕಬೇಡಿ ಅಂದರೆ ಮಕ್ಕಳು ಬೇರೆ ದೇಶದ ಡ್ರ್ಯಾಗನ್ನನ್ನೇ ತರುತ್ತಾರೆ. ಯಕ್ಷಗಾನದಲ್ಲಿ ರಾಕ್ಷಸ ಬಂದು ಕುಣಿದರೆ ನಾವು ಬೆಳಗಿನವರೆಗೆ ಕೂತು ನೋಡುತ್ತೇವೆ. ಅದು ಕಲ್ಪನೆಯೂ ಹೌದು, ಭಕ್ತಿಯೂ ಹೌದು.

ಗುಡ್ಡದಮನೆ

ಯಕ್ಷಗಾನದವರು ಮೊದಲು ಚೌಕಿಯಲ್ಲಿ, ವೇಷ ಕಟ್ಟುವ ಜಾಗದಲ್ಲಿ, ಗಣಪತಿಗೆ ಪೂಜೆ ಮಾಡಿ ಗೆಜ್ಜೆ ಕಟ್ಟುತ್ತಾರೆ ತಮ್ಮಾ. ನಾನು ಬರೆಯಬೇಡಿ ಅಂದಿಲ್ಲ. ಗೊತ್ತಿಲ್ಲದೆ ಬರೆಯಬೇಡಿ ಅಂದೆ.

ಕಾನಂಚು

ಅಕ್ಕ ಹೇಳಿದ್ದು ಸರಿ. ನಮ್ಮ ಕ್ಲಾಸಿನಲ್ಲಿ ಇನ್ನು ಮೇಲೆ ಹೀಗೆ ಮಾಡುತ್ತೇನೆ: ಮನೆಯ ದೇವರು, ಊರಿನ ಬನದ ಹೆಸರು ಬರೆಯುವ ಮೊದಲು ಮನೆಯಲ್ಲಿ ಯಾರಾದರೊಬ್ಬರು ಹಿರಿಯರ ಹತ್ತಿರ ಅದರ ಕತೆ ಕೇಳಿಕೊಂಡು ಬರಬೇಕು. ಕೇಳಿದ ಮೇಲೂ ಬದಲಾಯಿಸಬೇಕು ಅನ್ನಿಸಿದರೆ ಹೊಸ ಹೆಸರಿನ ಹೊಸ ದೇವರು.

ಭೂಮಿ ಹುಣ್ಣಿಮೆ ನೆನಪಾಯಿತು. ನಮ್ಮೂರಲ್ಲಿ ದೀವರ ಸಮುದಾಯದ ಹೆಂಗಸರು ಗದ್ದೆಗೆ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಭೂಮಿ ಬಸುರಿ, ಅವಳಿಗೆ ಬಯಕೆ ಆಗಿರುತ್ತದೆ ಅಂತ ರಾತ್ರಿಯೆಲ್ಲ ಅಡುಗೆ ಮಾಡಿ ಬೆಳಗಿನ ಜಾವ ಗದ್ದೆಗೆ ಒಯ್ದು ಚರಗ ಬೀರುತ್ತಾರೆ, ಅಂದರೆ ಆ ಅಡುಗೆಯನ್ನು ಗದ್ದೆಗೆ ಎರಚುತ್ತಾರೆ. ಹೋದ ವರ್ಷ ಒಂದು ಮಗು ಕೇಳಿತ್ತು: ಭೂಮಿಗೆ ಈ ಸಲ ಬೇರೆ ಏನಾದರೂ ತಿನ್ನಬೇಕು ಅನ್ನಿಸಿದರೆ ಹೇಗೆ ಹೇಳುತ್ತಾಳೆ? ಇಲ್ಲಿ ಯಾರಿಗೂ ಅಗೌರವ ಇಲ್ಲ. ನಂಬಿಕೆಯೊಳಗೆ ನಿಂತೇ ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟ ಹಾಗಿದೆ.

ಗುಡ್ಡದಮನೆ

ಇದು ನನಗೆ ಒಪ್ಪಿಗೆ. ಆ ಮಗುವಿನ ಕೈಲಿ ಬರೆಸಿ.

ಗೋಪಿಸರ್ಕಲ್

ಇದೆಲ್ಲ ಸರಿ, ಮೊಬೈಲಿನ ಎಐ ಹತ್ತಿರ ಬರೆಸಿಕೊಂಡು ಬಂದರೆ ಏನು ಮಾಡುತ್ತೀರಿ? ನನ್ನ ಅಣ್ಣನ ಮಗ ಹತ್ತು ನಿಮಿಷಕ್ಕೆ ಮೂರು ಕತೆ ತಂದ.

ಕಾನಂಚು

ನಮ್ಮಲ್ಲೂ ಬಂತು. ಬೈಯಲಿಲ್ಲ. ಕತೆಯಲ್ಲಿ ಹುಡುಗ 'ಅಡಿಕೆ ಮರದ ಕೊಂಬೆಯ ಮೇಲೆ ಕುಳಿತು' ಚಂದ್ರನನ್ನು ನೋಡುತ್ತಿದ್ದ. ಎಲ್ಲರನ್ನೂ ಲೈಬ್ರರಿ ಹಿಂದಿನ ತೋಟಕ್ಕೆ ಕರೆದುಕೊಂಡು ಹೋಗಿ, ಕೊಂಬೆ ಯಾವುದು ತೋರಿಸು ಅಂದೆ. ಹುಡುಗ ಮೇಲೆ ನೋಡಿದ, ಮತ್ತೆ ಕೆಳಗೆ ನೋಡಿದ. ಆಮೇಲೆ ತಾನೇ ಹೇಳಿದ, 'ಇದನ್ನು ಬರೆದವರು ತೋಟ ನೋಡಿಲ್ಲ ಅಕ್ಕ.' ಮುಂದಿನ ವಾರ ಕೈಬರಹದಲ್ಲಿ ಒಂದು ಪುಟ ತಂದ. ಅದರಲ್ಲಿ ಕಾಗುಣಿತ ತಪ್ಪು 20 ಇದ್ದವು, ನಾನು ಒಂದನ್ನೂ ತಿದ್ದಲಿಲ್ಲ.

ಚಾಕ್‌ಪೀಸು

ತಿದ್ದದೆ ಇರುವುದು ಸರಿಯಲ್ಲ ಮೇಡಂ. ಮೊದಲ ಸಲ ಬಿಡಿ, ಸರಿ. ಮೂರನೇ ಸಲ ಬರೆಯುವಾಗ ತಿದ್ದಲೇಬೇಕು. ಭಾಷೆ ಗಟ್ಟಿ ಇಲ್ಲದಿದ್ದರೆ ಆ ಒಂದು ಸುಳ್ಳನ್ನು ಯಾರೂ ನಂಬುವುದಿಲ್ಲ.

ಬೆಂಗಳೂರಲ್ಲಿ_ಮಲೆನಾಡಿಗ

ತಿದ್ದಿ ಮೇಷ್ಟ್ರೇ, ಕೆಂಪು ಇಂಕು ಮಾತ್ರ ಬೇಡ. ಪೆನ್ಸಿಲ್ ಸಾಕು.

ಚಾಕ್‌ಪೀಸು

ಒಪ್ಪಿದೆ.

ಕಾನಂಚು · ಮುಂದಿನ ಭಾನುವಾರ

ಇವತ್ತು 'ಒಂದೇ ಸುಳ್ಳು' ಮಾಡಿಸಿದೆ. ಕೊಳ್ಳಿದೆವ್ವದ ಹುಡುಗನ ಮನೆಯವರು ಅಣೆಕಟ್ಟಿನ ಮುಳುಗಡೆಯಿಂದ ಊರು ಬಿಟ್ಟು ಎದ್ದು ಬಂದವರು. ಅವನು ಬರೆದ ಸಾಲು ಇದು: 'ಹಿನ್ನೀರಿನ ಅಡಿಯಲ್ಲಿ ನಮ್ಮ ಹಳೆ ಮನೆ ಇದೆ. ಅಲ್ಲಿ ಈಗಲೂ ದೀಪ ಉರಿಯುತ್ತಿದೆ.'

ನನಗೆ ಮೈ ನಡುಗಿತು. ಆಗ ಪಕ್ಕದಲ್ಲಿದ್ದ ಏಳನೇ ಕ್ಲಾಸಿನ ಹುಡುಗಿ ಕೇಳಿದಳು, 'ದೀಪಕ್ಕೆ ಎಣ್ಣೆ ಯಾರು ಹಾಕ್ತಾರೆ?' ಹುಡುಗ ತಬ್ಬಿಬ್ಬಾದ. ನೋಡುತ್ತಿದ್ದ ಹಾಗೇ 'ಅಷ್ಟರಲ್ಲಿ ಎಚ್ಚರ' ಅಂತ ಬರೆಯಲು ಹೊರಟ. ಪೆನ್ನು ಹಿಡಿದು ನಿಲ್ಲಿಸಿದೆ, ವಾರ ಬಿಟ್ಟು ಬಾ ಅಂದೆ. ನನಗೆ ಹತ್ತು ಉತ್ತರ ಹೊಳೆಯುತ್ತಿವೆ, ಹೇಳಲಾ ಬೇಡವಾ?

ಹಿನ್ನೀರು

ಈ ಚರ್ಚೆ ಮೊದಲಿಂದ ಓದುತ್ತಿದ್ದೆ. ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. ನಮ್ಮದೂ ಅದೇ ಕತೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಇತ್ತು, ಅದೇ ಮುಳುಗಿಹೋಯಿತು. ನೀರು ಪೂರ್ತಿ ಇಳಿದ ಬೇಸಿಗೆಯಲ್ಲಿ ಆ ಹಳೆ ಅಣೆಕಟ್ಟು ಎದ್ದು ನಿಲ್ಲುತ್ತದೆ, ಜನ ನೋಡಲು ಬರುತ್ತಾರೆ. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟನ್ನು ನುಂಗಿತು ಅಂತ ಕತೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ. ನಾವು ಕಣ್ಣಾರೆ ನೋಡಿದ್ದೇವೆ.

ಡ್ಯಾಮು 1819 ಅಡಿ ತುಂಬಿತು ಅಂತ ಪೇಪರಿನಲ್ಲಿ ಬಂದರೆ ಎಲ್ಲರೂ ಖುಷಿ ಪಡುತ್ತಾರೆ. ನಮ್ಮಮ್ಮ ಮಾತ್ರ ಅವತ್ತು ಮಾತಾಡುತ್ತಿರಲಿಲ್ಲ. ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಕೊಟ್ಟ ಜಾಗದ ಹಕ್ಕುಪತ್ರ ಸರಿಯಾಗಿ ಆಗಿಲ್ಲ.

ಅಡಿಕೆಚಪ್ಪರ

ಹಕ್ಕುಪತ್ರದ ವಿಷಯ ತೆಗೆದರೆ ಇಡೀ ರಾತ್ರಿ ಸಾಲದು. ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟವರ ಎಷ್ಟೋ ಮನೆಗೆ ಬಹಳ ವರ್ಷ ಕರೆಂಟು ಇರಲಿಲ್ಲ.

ಗೋಪಿಸರ್ಕಲ್

ಸಿಗಂದೂರು ಲಾಂಚಿನ ಬಗ್ಗೆಯೂ ಬರೆಸಿ. 2025ರ ಜುಲೈನಲ್ಲಿ ಸೇತುವೆ ಮೇಲೆ ಓಡಾಟ ಶುರುವಾಯಿತು. ಬಸ್ಸನ್ನೇ ಲಾಂಚಿಗೆ ಹತ್ತಿಸಿ ಹಿನ್ನೀರು ದಾಟುತ್ತಿದ್ದೆವು ಅಂದರೆ ಹತ್ತು ವರ್ಷ ಬಿಟ್ಟು ಮಕ್ಕಳು ಅದನ್ನೂ ಫ್ಯಾಂಟಸಿ ಅನ್ನುತ್ತಾರೆ.

ಚಾಕ್‌ಪೀಸು

ಮೇಡಂ, ಎಣ್ಣೆಯ ಉತ್ತರ ದಯವಿಟ್ಟು ಹೇಳಬೇಡಿ. ಇಲ್ಲಿಯೂ ಯಾರೂ ಬರೆಯಬೇಡಿ, ಆ ಹುಡುಗ ಓದಿಬಿಟ್ಟಾನು. ಅದು ಅವನ ಮನೆ.

ತುಂಗೆಯ_ದಡ

ಉತ್ತರ ಬೇಡ, ಆದರೆ ಒಂದು ನಿಜ ಕೊಡಬಹುದು. ನೀರಿನಲ್ಲಿ ಎಣ್ಣೆ ಕೆಳಗೆ ನಿಲ್ಲುವುದಿಲ್ಲ, ಮೇಲಕ್ಕೆ ಬರುತ್ತದೆ. ಅಷ್ಟು ಮಾತ್ರ ಹೇಳಿ. ಒಂದು ಲೋಟ ನೀರು, ನಾಲ್ಕು ಹನಿ ಎಣ್ಣೆ ಅವನ ಮುಂದೆ ಇಡಿ.

ಬೆಂಗಳೂರಲ್ಲಿ_ಮಲೆನಾಡಿಗ

ನೀರಿನಡಿ ದೀಪವೇ ಉರಿಯುವುದಿಲ್ಲ, ಎಣ್ಣೆ ತೇಲುವ ವಿಷಯ ಯಾಕೆ?

ತುಂಗೆಯ_ದಡ

ಉರಿಯುವುದು ಅವನ ಒಂದು ಸುಳ್ಳು. ಅದು ಖರ್ಚಾಯಿತು. ಇನ್ನು ಎಣ್ಣೆ ಎಣ್ಣೆಯ ಹಾಗೇ ಇರಬೇಕು.

ಕಾನಂಚು · ಎರಡು ವಾರದ ಮೇಲೆ

ತಡವಾಯಿತು, ಕ್ಷಮಿಸಿ. ಮಳೆಗೆ ಲೈನು ಹೋಗಿ ನಾಲ್ಕು ದಿನ ಕರೆಂಟು, ನೆಟ್‌ವರ್ಕು ಎರಡೂ ಇರಲಿಲ್ಲ.

ಸಾರ್ ಹೇಳಿದ ಹಾಗೆ ಲೋಟ ಇಟ್ಟೆ, ಏನೂ ಹೇಳಲಿಲ್ಲ. ಹುಡುಗ ಬಹಳ ಹೊತ್ತು ನೋಡಿದ. ಬೆರಳಿನಿಂದ ಒಂದು ಹನಿಯನ್ನು ಕೆಳಗೆ ಒತ್ತಿದ, ಅದು ಮತ್ತೆ ಮೇಲೆ ಬಂತು. ಮನೆಗೆ ಹೋದ. ಹೋದ ಭಾನುವಾರ ಬರೆದು ತಂದ. ಅವನ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ:

'ಮನೆ ಬಿಡುವ ದಿನ ಗಾಡಿಯಲ್ಲಿ ಜಾಗ ಇರಲಿಲ್ಲ. ಎಣ್ಣೆ ಭರಣಿಯನ್ನು ಅಲ್ಲೇ ಬಿಟ್ಟರು. ಬಾಯಿಗೆ ಬಟ್ಟೆ ಕಟ್ಟಿತ್ತು. ನೀರು ಬಂದ ಮೇಲೆ ಬಟ್ಟೆಯಿಂದ ದಿನಕ್ಕೆ ಒಂದು ಹನಿ ಎಣ್ಣೆ ಮೇಲಕ್ಕೆ ಹೋಗುತ್ತದೆ. ಅದಕ್ಕೇ ದೀಪ ಈಗ ನೆಲದ ಮೇಲೆ ಇಲ್ಲ. ತೊಲೆಗೆ ತಲೆಕೆಳಗಾಗಿ ಅಂಟಿಕೊಂಡಿದೆ. ಉರಿ ಕೆಳಮುಖ. ಬೇಸಿಗೆಯಲ್ಲಿ ನೀರು ಇಳಿದರೆ ಎಣ್ಣೆ ಕೆಳಗೆ ಬಿದ್ದು ದೀಪ ಆರುತ್ತದೆ. ಆಗ ಜನ ಬಂದು ನೋಡಿ ಇಲ್ಲಿ ಏನೂ ಇಲ್ಲ ಅನ್ನುತ್ತಾರೆ. ಮಳೆ ಬಂದು ನೀರು ಏರಿದರೆ ಮತ್ತೆ ಹತ್ತುತ್ತದೆ.'

ನಾನು ಒಂದಕ್ಷರ ಸೇರಿಸಿಲ್ಲ, ಕಾಗುಣಿತ ಮಾತ್ರ ಪೆನ್ಸಿಲಿನಲ್ಲಿ ತಿದ್ದಿದ್ದು.

ಹಿನ್ನೀರು

ಎರಡು ಸಲ ಓದಿದೆ. ಮೂರನೇ ಸಲ ಅಮ್ಮನ ಫೋಟೋ ಮುಂದೆ ಗಟ್ಟಿಯಾಗಿ ಓದಿದೆ. ಆ ಹುಡುಗನಿಗೆ ಹೇಳಿ.

ತುಂಗೆಯ_ದಡ

ಬೇಸಿಗೆಯಲ್ಲಿ ಆರುತ್ತದೆ, ಅದಕ್ಕೇ ಯಾರಿಗೂ ಕಾಣುವುದಿಲ್ಲ. ಇದನ್ನು ನಾವು ಯಾರೂ ಹೇಳಿಕೊಡಲು ಆಗುತ್ತಿರಲಿಲ್ಲ.

ಹತ್ತನೇಬೆಂಚು

ನಾನು ಕೆರೆ ಕತೆ ಮತ್ತೆ ಶುರು ಮಾಡಿದ್ದೇನೆ. ಕನಸು ತೆಗೆದೆ. ಈಗ ಕೊನೆಗೆ ಏನು ಅಂತ ಗೊತ್ತಿಲ್ಲ.

ಚಾಕ್‌ಪೀಸು

ಗೊತ್ತಿಲ್ಲದೆ ಇರಲಿ, ಬರಿ. ಮೇಡಂ, ಹುಡುಗನ ಮನೆಯಲ್ಲಿ ಯಾರಾದರೂ ಓದಿದರಾ?

ಕಾನಂಚು

ಅಜ್ಜಿಗೆ ಓದಿ ಹೇಳಿದನಂತೆ. ಮನೆ ಬಿಡುವಾಗ ಅವರು ಎಂಟು ವರ್ಷದ ಹುಡುಗಿ. ಪೂರ್ತಿ ಕೇಳಿದರಂತೆ. ಮೊದಲ ಸಲ ಓದಿದಾಗ ಭರಣಿಯಲ್ಲಿ ಕೊಬ್ಬರಿ ಎಣ್ಣೆ ಅಂತ ಇತ್ತು. ಅದು ತಪ್ಪು, ಅದರಲ್ಲಿ ಇದ್ದದ್ದು ಹರಳೆಣ್ಣೆ, ಒಲೆ ಪಕ್ಕದ ಮೂಲೆಯಲ್ಲಿ ಇಡುತ್ತಿದ್ದರು ಅಂದರಂತೆ. ದೀಪ ಹೇಗೆ ಉರಿಯುತ್ತದೆ ಅಂತ ಅವರು ಕೇಳಲೇ ಇಲ್ಲ. ಹುಡುಗ ಆ ಒಂದು ಪದ ಹೊಡೆದು ಹಾಕಿದ, ಸದ್ಯಕ್ಕೆ ಬರೀ ಎಣ್ಣೆ ಅಂತ ಇಟ್ಟಿದ್ದಾನೆ. ಹರಳೆಣ್ಣೆ ಬಗ್ಗೆ ಇನ್ನೂ ಕೇಳಿಕೊಂಡು ಬಂದು ಬರೆಯುತ್ತಾನಂತೆ.

ಅಡಿಕೆಚಪ್ಪರ

ಹರಳೆಣ್ಣೆ ದೀಪ ನಿಧಾನಕ್ಕೆ ಉರಿಯುತ್ತದೆ. ದಿನಕ್ಕೆ ಒಂದು ಹನಿ ಸರಿಯಾಯಿತು ಅಂತ ಹೇಳಿ ಅವನಿಗೆ.

ಹತ್ತನೇಬೆಂಚು

ಅಕ್ಕ, ನಾನು ಸಾಗರದಲ್ಲೇ ಇರುವುದು. ಈ ಭಾನುವಾರ ಕ್ಲಾಸಿಗೆ ಬರಬಹುದಾ?

ಕಾನಂಚು

ಖಂಡಿತ ಬಾ. ಬೆಳಿಗ್ಗೆ 10 ಗಂಟೆಗೆ. ಊರಿನ ಹೆಸರು ಮೆಸೇಜ್ ಮಾಡಿದ್ದೇನೆ. ಕೊಡೆ ತಾ, ಜಗಲಿಗೆ ಇರಚಲು ಹೊಡೆಯುತ್ತದೆ.